ಪಟ್ಟಲಮ್ಮನನ್ನು ಯಾರೂ ಕೇಳಿರುವುದಿಲ್ಲ

ಕೊತ್ತತ್ತಿಯ ಪಟ್ಟಲಮ್ಮ ಯಾರನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಹಾಲಿನವನು ಅಳತೆ ಹಾಕುವಾಗ ಬಗ್ಗಿ ನೋಡುವಳು. ಯಾರಾದರೂ ಬಾಯ್ತುಂಬ ಮಾತಾಡಿಸಿದರೆ, ಇವರಿಗೇನೋ ನನ್ನಿಂದ ಆಗಬೇಕಾಗಿದೆ ಎಂದುಕೊಳ್ಳುವಳು. ಆದರೆ ಐವತ್ತು ದಾಟಿದ ಮೇಲೆ ಸರ್ಕಾರವೇ ತನ್ನ ಮೇಲೆ ಅನುಮಾನ ಪಟ್ಟೀತು ಎಂದು ಮಾತ್ರ ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮದುವೆಯಾಗದೆ ಒಂಟಿಯಾಗಿರುವ ಹೆಂಗಸರಿಗೆ ಸರ್ಕಾರ ಕೊಡುವ ಮಾಸಾಶನ ಅವಳಿಗೆ ಬರುತ್ತಿತ್ತು. ಗದ್ದೆ ನಾಟಿಗೆ ಬಗ್ಗಿ ಬಗ್ಗಿ ಸೊಂಟ ಹೋದ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಅದು ನಿಂತರೆ ಮದ್ದೂರಿನ ತಮ್ಮನ ಮನೆಯ ಹಿತ್ತಲ ಕೋಣೆಯೇ ಗತಿ. ನಾದಿನಿ ತಟ್ಟೆ ಕುಕ್ಕುವ ಸದ್ದು ಕೇಳಿಕೊಂಡು ಉಣ್ಣುವುದಕ್ಕಿಂತ ನಾಲೆಗೆ ಬೀಳುವುದೇ ವಾಸಿ ಎಂದು ಅವಳು ಎಷ್ಟೋ ಸಲ ಹೇಳಿದ್ದುಂಟು.

ಯಾವ ಪುಣ್ಯಾತ್ಮರೋ ಕಚೇರಿಗೆ ಮೂಗರ್ಜಿ ಹಾಕಿದರು. ಪಟ್ಟಲಮ್ಮ ಗುಟ್ಟಾಗಿ ಒಬ್ಬನನ್ನು ಕಟ್ಟಿಕೊಂಡಿದ್ದಾಳೆ, ಅವಳ ಮನೆಗೆ ಗಂಡಸರು ಬಂದು ಹೋಗುತ್ತಾರೆ ಎಂದು. ಹೆಸರು ಹಾಕುವ ಧೈರ್ಯವಿಲ್ಲದವರಿಗೆ ಬರೆಯುವ ಧೈರ್ಯ ಮಾತ್ರ ಎಲ್ಲಿಂದ ಬರುತ್ತದೋ! ಪಟ್ಟಲಮ್ಮನಿಗೆ ಮೊದಲ ಅನುಮಾನ ಹೋದದ್ದು ಎದುರುಮನೆ ಸಣ್ಣತಾಯಮ್ಮನ ಮೇಲೆ. ನಲ್ಲಿ ನೀರಿಗೆ ಇಬ್ಬರೂ ಹೋದ ತಿಂಗಳು ತಾನೆ ಬೀದಿ ಕಿತ್ತುಹೋಗುವ ಹಾಗೆ ಜಗಳವಾಡಿದ್ದರು.

ವಿಚಾರಣೆಗೆ ಬಂದವನು ಹೊಸ ಗ್ರಾಮಲೆಕ್ಕಿಗ, ಶಿವರಾಮು ಎಂದು ಹೆಸರು. ಮನೆಯೊಳಗೆ ಬಂದವನೇ ಕಣ್ಣಾಡಿಸಿದ. ಗಳುವಿನ ಮೇಲೆ ನೇತಾಡುತ್ತಿದ್ದ ತುಂಬುತೋಳಿನ ಶರ್ಟನ್ನು ಎರಡು ಬೆರಳಲ್ಲಿ ಹಿಡಿದ.

"ಇದು ಯಾರದಮ್ಮ?"

"ನಂದೇ ಸಾ. ಕಬ್ಬಿನ ಗದ್ದೆಗ್ ಓಗುವಾಗ ಸೀರೆ ಮ್ಯಾಲೆ ಆಕ್ಕತ್ತೀನಿ. ಗರಿ ಕೈ ಕುಯ್ಯುತ್ತೆ."

ಅವನು ಪಾತ್ರೆಯ ಮುಚ್ಚಳವನ್ನೂ ಎತ್ತಿದ. "ಒಬ್ಬರಿಗೆ ಎರಡು ಮುದ್ದೆ ಯಾಕೆ?"

"ಒಂದು ಈಗ್ಲಿಗೆ, ಒಂದು ರಾತ್ರಿಗೆ. ಸರ್ಕಾರ ರಾತ್ರಿ ಉಣ್ಣಬ್ಯಾಡ ಅಂತದಾ?"

ತನ್ನ ಮುದ್ದೆಯನ್ನೂ ಲೆಕ್ಕ ಹಾಕಿಸಿಕೊಳ್ಳಬೇಕಾಯಿತಲ್ಲ ಎಂದು ಪಟ್ಟಲಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ತುಟಿ ಕಚ್ಚಿಕೊಂಡಳು.

ಆಮೇಲೆ ಜಗಲಿಯ ಮೇಲೆ ಮಹಜರು. ನೆರೆಹೊರೆಯವರು ಹೇಳಿದ್ದನ್ನು ಬರೆದುಕೊಂಡು ಅವರಿಂದಲೇ ಸಹಿ ಹಾಕಿಸುವುದು ಕ್ರಮ. ಬೀದಿಗೆ ಬೀದಿಯೇ ನೆರೆಯಿತು. ಅಷ್ಟು ಹೊತ್ತೂ ಸಣ್ಣತಾಯಮ್ಮನ ಮುಖವನ್ನೇ ನೋಡುತ್ತಿದ್ದ ಪಟ್ಟಲಮ್ಮನಿಗೆ ಆಶ್ಚರ್ಯ ಕಾದಿತ್ತು. ಎಲ್ಲರಿಗಿಂತ ಮೊದಲು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದವಳು ಅವಳೇ.

"ಅಯ್ಯೋ, ಏನ್ ಸಾ ನೀವು! ಇವಳ ತಾವ್ಕೆ ಯಾವ್ ಗಂಡ್ಸು ಬತ್ತಾನೆ? ಆ ಮೂತಿ ನೋಡಿ! ವಯಸ್ನಲ್ಲೇ ಒಂದು ನರಪಿಳ್ಳೆ ತಿರುಗಿ ನೋಡ್ಲಿಲ್ಲ, ಈಗ್ ಬತ್ತಾರಾ?"

ಬೀದಿ ನಕ್ಕಿತು. ಬಾಯಿಗೊಬ್ಬರು ಅದಕ್ಕೇ ಉಪ್ಪು ಖಾರ ಹಚ್ಚಿದರು. ಪಾಪ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಮಾಸಾಶನ ಉಳಿಯಲಿ ಎಂದೇ ಅಂದರು. ಶಿವರಾಮುವೂ ನಗುತ್ತಲೇ ಬರೆದು, ಜೋರಾಗಿ ಓದಿದ: "ಸದರಿ ಮನೆಗೆ ಯಾವ ಗಂಡಸೂ ಬಂದಿರುವುದಿಲ್ಲ. ಸದರಿಯವರನ್ನು ಮದುವೆಯಾಗುವುದಾಗಿ ಯಾರೂ ಕೇಳಿರುವುದಿಲ್ಲ."

ಮೊದಲ ಸಹಿಗೆ ಕರೆದದ್ದು ಸಣ್ಣತಾಯಮ್ಮನ ಗಂಡ ಜವರಯ್ಯನನ್ನು.

ಇದೇ ಹೊಸ್ತಿಲಲ್ಲಿ ನಿಂತು ಇದೇ ಜವರಯ್ಯ ಅವಳನ್ನು ಕೇಳಿದ್ದ. ಆಗ ಅವನಿಗೆ ಮೀಸೆ ಕಪ್ಪಗಿತ್ತು. ಲಕ್ವ ಹೊಡೆದು ಮಲಗಿದ್ದ ಅವ್ವನ ಬಾಯಿ ಒರೆಸುತ್ತಿದ್ದ ಪಟ್ಟಲಮ್ಮ, "ಅವ್ವನ್ನ ಬುಟ್ಟು ನಾ ಬರಾಕಿಲ್ಲ" ಎಂದಿದ್ದಳು. ಅವನು ಮತ್ತೊಮ್ಮೆ ಬಂದ, ಮತ್ತೂ ಒಮ್ಮೆ ಬಂದ. ಕೊನೆಗೆ ಕೆರಗೋಡಿನಿಂದ ಸಣ್ಣತಾಯಮ್ಮನನ್ನು ತಂದುಕೊಂಡ. ಅವ್ವ ಆ ಗುಟ್ಟನ್ನು ತನ್ನ ಜೊತೆಗೇ ಒಯ್ದಳು. ಅವನು ಕೇಳಿದ್ದನೆಂಬ ಒಂದು ಮಾತಿನ ಬಲದ ಮೇಲೆ ಪಟ್ಟಲಮ್ಮ ಇಷ್ಟು ವರ್ಷ ಊರೊಳಗೆ ತಲೆಯೆತ್ತಿ ನಡೆದಿದ್ದಳು.

ಜವರಯ್ಯ ಪೆನ್ನು ಹಿಡಿದುಕೊಂಡು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡ. ಅವನು ಸಹಿ ಹಾಕದಿದ್ದರೆ ಅನುಮಾನ ಬಂದು ಮಾಸಾಶನ ಹೋಗುತ್ತದೆ, ಹಾಕಿದರೆ ಪಟ್ಟಲಮ್ಮನ ಬದುಕೇ ಸುಳ್ಳಾಗುತ್ತದೆ. ಯಾವುದು ಬೇಕೆಂದು ಅವಳಿಗೇ ತಿಳಿಯಲಿಲ್ಲ. ಅವನು ತಲೆಯೆತ್ತದೆ ಸಹಿ ಗೀಚಿ ಹಿಂದೆ ಸರಿದ.

ಎಲ್ಲರದ್ದೂ ಆದ ಮೇಲೆ ಕಾಗದ ಅವಳ ಕೈಗೆ ಬಂತು.

"ನಾ ಆಕಾಕಿಲ್ಲ," ಎಂದಳು ಪಟ್ಟಲಮ್ಮ. "ಕಡೇ ಮಾತು ಸುಳ್ಳು. ನನ್ನೂ ಒಬ್ರು ಕೇಳಿದ್ರು. ನಾನೇ ಒಲ್ಲೆ ಅಂದೆ."

ನಗು ನಿಂತಿತು. "ಯಾರು?" ಎಂದ ಶಿವರಾಮು.

"ಅದು ನಿಮ್ಗ್ ಬ್ಯಾಡ."

"ಪಟ್ಟಲಮ್ಮ, ಸುಮ್ಮನೆ ಸಹಿ ಹಾಕಿ. ಇಲ್ಲದಿದ್ದರೆ ನಿಮ್ಮ ಮಾಸಾಶನ..."

"ನಿಂತೋಗ್ಲಿ! ನಂಗೆ ಮದ್ವೆ ಆಗಿಲ್ಲ, ಒಬ್ಳೇ ಇವ್ನಿ. ಅಷ್ಟು ದಿಟ. ಯಾರಿಗೂ ಬ್ಯಾಡವಾದೋಳು ಅಂತ ನಾನೇ ರುಜು ಆಕಿ ಕೊಡಬೇಕಾ? ಅಂಗಂತ ಯಾವ್ ಕಾನೂನ್ನಾಗದೆ, ತೋರ್ಸಿ!"

ಅವಳ ದನಿ ನಡುಗುತ್ತಿತ್ತು. ಕೋಪವೂ ಹೌದು, ಹಿತ್ತಲ ಕೋಣೆಯ ಭಯವೂ ಹೌದು. ಶಿವರಾಮು ಆ ಕಡೆ ಈ ಕಡೆ ನೋಡಿದ. ಯಾರೂ ನಗುತ್ತಿರಲಿಲ್ಲ. ಅವನು ಬೇರೆ ಹಾಳೆ ತೆಗೆದು, 'ಅವಿವಾಹಿತೆ, ಒಬ್ಬರೇ ವಾಸವಾಗಿರುತ್ತಾರೆ' ಎಂದಷ್ಟೇ ಬರೆದ. ಎಲ್ಲರೂ ಮತ್ತೆ ಸಹಿ ಹಾಕಿದರು, ಪಟ್ಟಲಮ್ಮನೂ ಹಾಕಿದಳು. ಅಷ್ಟೇ ಸಾಕಾಗಿತ್ತು, ಮುಂದಿನ ತಿಂಗಳು ಮಾಸಾಶನ ಬಂತು. ಮೂಗರ್ಜಿ ಯಾರದೆಂದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಆದರೆ ಅಂದಿನಿಂದ ಬೀದಿಯ ಹೆಂಗಸರಿಗೆ ನಿದ್ದೆ ಇಲ್ಲ. ಕೇಳಿದವನು ಯಾರು? ಒಬ್ಬೊಬ್ಬಳೂ ತನ್ನ ಗಂಡನನ್ನು ಓರೆಗಣ್ಣಲ್ಲಿ ನೋಡತೊಡಗಿದಳು. ಒಂದು ಸಂಜೆ ಸಣ್ಣತಾಯಮ್ಮ ಅವರೆಕಾಳಿನ ಸಾರು ಹಿಡಿದುಕೊಂಡು ಬಂದಳು. ಸಾರು ಯಾಕೆ ಬಂತೆಂದು ಪಟ್ಟಲಮ್ಮನಿಗೆ ಬಟ್ಟಲು ನೋಡಿದೊಡನೆ ಗೊತ್ತಾಯಿತು.

"ಅಕ್ಕೋ, ದಿಟ ಯೋಳು. ನಮ್ಮೋರಲ್ಲ ತಾನೆ?"

ಎದುರು ಜಗಲಿಯಲ್ಲಿ ಜವರಯ್ಯ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕೂತಿದ್ದ. ಪಟ್ಟಲಮ್ಮ ಆ ಕಡೆ ನೋಡಲಿಲ್ಲ. ಬಟ್ಟಲನ್ನು ಒಳಗಿಟ್ಟು ಬಂದು, ಬಾಗಿಲಿಗೆ ಒರಗಿ ನಿಂತಳು.

"ಸರ್ಕಾರ ಕೇಳುದ್ರೇ ಯೋಳ್ಳಿಲ್ಲ ಕಣಮ್ಮಿ," ಎಂದಳು, "ನಿನ್ ಸಾರಿಗೆ ಯೋಳ್ತೀನಾ?"