ಹೊಳೆಯುವ ಮೆಟ್ಟಿಲು ಆರಿಸಿದವಳು ನಾನು

ಸ್ಫೂರ್ತಿ, ಬಸು, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಾಲ್ಕು ಜನರೆದುರು ನನಗೆ ಈಗಲೂ ಬಾಯಿ ಬರುವುದಿಲ್ಲ. ಒಂದೇ ಸಲ ಹಟ ಹಿಡಿದು ಮಾತಾಡಿದ್ದೆ.

ಅದು ಎರಡು ವರ್ಷದ ಹಿಂದಿನ ಮಳೆಗಾಲ. ನಿಮ್ಮಪ್ಪ, ನನ್ನ ಮಗ ಮಲ್ಲು, ಆಗಲೂ ಟ್ರೇಲರ್ ಲಾರಿಯಲ್ಲಿ ಖಾನಾಪುರದ ಹಂಚು, ಇಟ್ಟಂಗಿ ಸಾಗಿಸುತ್ತಿದ್ದ. ಆ ಲಾರಿಯಲ್ಲಿ ಡ್ರೈವರ್ ಬಾಗಿಲ ಹಿಂದೆಯೇ ಡೀಸೆಲ್ ಟ್ಯಾಂಕು, ಟ್ಯಾಂಕಿಗೆ ಬಿಗಿದ ಮೆಟ್ಟಿಲು. ಮುಂದಿನ ಗಾಡಿಯಿಂದ ಹಿಂದಿನ ಟ್ರೇಲರಿಗೆ ಹೋಗುವ ಬ್ರೇಕಿನ ಗಾಳಿ ಪೈಪು ಜೋಡಿಸಲು ಅದನ್ನೇ ಹತ್ತಬೇಕು. ಅದು ತುಕ್ಕು ಹಿಡಿದು ಮುರಿದಿತ್ತು. ನನ್ನ ಕಣ್ಣು ತೋರಿಸಲು ಬೆಳಗಾವಿ ಕ್ಯಾಂಪಿನ ದವಾಖಾನೆಗೆ ಹೋದ ದಿನವೇ ಮೆಟ್ಟಿಲು ಹಾಕಿಸಲು ಲಾರಿ ರಿಪೇರಿಯ ಮಿಸ್ತ್ರಿಯ ಹತ್ತಿರವೂ ಹೋದೆವು.

ಮಿಸ್ತ್ರಿ ಎರಡು ತಗಡು ತಂದಿಟ್ಟ. ಒಂದರ ತುಂಬ ಗರಗಸದಂಥ ಹಲ್ಲು. ಇನ್ನೊಂದು ನುಣ್ಣಗೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ಹಲ್ಲಿಂದ ಹಾಕ್ಸರಿ. ಮಳ್ಯಾಗ ಕಾಲ ಹಿಡೀತೈತಿ" ಎಂದ ಮಿಸ್ತ್ರಿ.

ನಿಮಗೆ ಗೊತ್ತಲ್ಲ, ಲಾರಿಯೊಳಗೆ ಬಸವಣ್ಣನ ಫೋಟೋ ಇದೆ. ನಿಮ್ಮಜ್ಜ ಯಾವತ್ತೂ ಚಪ್ಪಲಿ ಹಾಕಿಕೊಂಡು ಲಾರಿ ಹತ್ತಿದವರಲ್ಲ. ಅವರು ತೀರಿಕೊಂಡ ಮೇಲೆ ಮಲ್ಲುವೂ ಹಾಗೇ ಬರಿಗಾಲಲ್ಲಿ ಓಡಿಸುತ್ತಿದ್ದ. ಅವನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಆ ಹಲ್ಲು ನೋಡಿ ನನಗೆ ತಡೆಯಲಾಗಲಿಲ್ಲ.

"ಬರಿಗಾಲ ಕಿತ್ತ ಬರತಾವ. ನುಣ್ಣಂದನ ಹಾಕು" ಎಂದೆ.

"ಅವ್ವಾರ, ಜಾರ್ತೈತ್ರಿ."

"ಹಾಕಂದ್ರ ಹಾಕಪಾ."

ಮಲ್ಲು ನಕ್ಕ. "ಹಾಕಿಬಿಡೋ ಮಾರಾಯಾ. ನಮ್ಮವ್ವ ಬಾಯಿ ತಗದದ್ದ ಇವತ್ತ!"

ಟ್ಯಾಂಕಿನಲ್ಲಿ ಡೀಸೆಲ್ ಇರುವುದರಿಂದ ಅದಕ್ಕೆ ವೆಲ್ಡಿಂಗ್ ಮಾಡುವಂತಿಲ್ಲ. ಮಿಸ್ತ್ರಿ ಟ್ಯಾಂಕಿನ ಸುತ್ತ ರಬ್ಬರ್ ಇಟ್ಟು, ಕಬ್ಬಿಣದ ಪಟ್ಟಿ ಸುತ್ತಿ, ನಟ್ಟು ಬಿಗಿದು ಕೂರಿಸಿದ. ಬರುವಾಗ ಪಂಪಿನಲ್ಲಿ ಕಂಠಮಟ ತುಂಬಿಸಿದೆವು. ಒಂದಿಷ್ಟು ಡೀಸೆಲ್ ಉಕ್ಕಿ ಹೊಸ ಮೆಟ್ಟಿಲ ಮೇಲೆ ಚೆಲ್ಲಿತು. ಮಲ್ಲು ಅರಿವೆಯಿಂದ ಒಮ್ಮೆ ಒರೆಸಿ ಹೊರಟ.

ಖಾನಾಪುರ ಇನ್ನೇನು ಬಂತು ಎನ್ನುವಾಗ ಹಿಂದೆ ಸುಸ್ಸೆಂದು ಗಾಳಿ ಸೋರುವ ಸಪ್ಪಳ. ಮಳೆ ಜಿಟಿಜಿಟಿ ಹನಿಯುತ್ತಿತ್ತು. ಮಲ್ಲು ರಸ್ತೆ ಬದಿಗೆ ನಿಲ್ಲಿಸಿ, ಬರಿಗಾಲಲ್ಲೇ ಇಳಿದು, ಮೆಟ್ಟಿಲು ಹತ್ತಿದ. ನಾನು ಅವನ ಸೀಟಿಗೆ ಸರಿದು ಕಿಟಕಿಯಿಂದ ಹಣಕಿದೆ.

ಅವನ ಎರಡೂ ಕಾಲು ಒಮ್ಮೆಲೇ ಜಾರಿದವು. ಅಂಗಾತ ರಸ್ತೆಯ ಮೇಲೆ ಬಿದ್ದ. ಹಿಂದಿನಿಂದ ಬಸ್ಸು ಬರುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ. ಕಣ್ಣು ಮುಚ್ಚಿಕೊಂಡೆ, ಬ್ರೇಕಿನ ಕಿರುಚಾಟವಷ್ಟೇ ಕೇಳಿತು.

ಕಣ್ಣು ಬಿಟ್ಟಾಗ ಅವನ ತಲೆಗೂ ಬಸ್ಸಿನ ಗಾಲಿಗೂ ನಡುವೆ ಒಂದು ಗೇಣು ಅಂತರವಿತ್ತು.

ಹೇಗೆ ಇಳಿದೆನೋ ತಿಳಿಯದು. ಬಸ್ಸಿನ ಡ್ರೈವರ್ ಅವನನ್ನು ಎಬ್ಬಿಸಿ ಕೂರಿಸಿದ್ದ. ಬೈಯತೊಡಗಿದ. "ಸಾಯಾಕ ನನ್ನ ಗಾಲಿನ ಬೇಕಾಗಿತ್ತೇನೋ ನಿನಗ?" ಆಮೇಲೆ ಮೆಟ್ಟಿಲ ಮೇಲೆ ಬೆರಳಾಡಿಸಿ ಮೂಸಿ ನೋಡಿದ. "ಡೀಸೆಲ್! ಇದೇನ ಮೆಟ್ಟಿಲೋ, ಕನ್ನಡಿನೋ? ಯಾವ ಶಾಣ್ಯಾ ಹಾಕಿಸಿದಾ ಇದನ್ನ?"

"ನಾನ ಹಾಕಿಸಿದ್ನಿರಿ. ತಪ್ಪಾತ್ರಿ" ಎಂದ ಮಲ್ಲು.

ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. 'ಆತ ಅಲ್ಲಪ್ಪಾ, ನಾನು' ಎನ್ನಬೇಕಿತ್ತು. ಸೆರಗು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತೆ.

ಮರುದಿನವೇ ಹಲ್ಲಿನ ತಗಡು ಹಾಕಿಸಿದೆವು. ಮಲ್ಲುಗೆ ರಬ್ಬರ್ ತಳದ ಬೂಟು ಕೊಡಿಸಿ, "ಇನ್ನ ಇವನ್ನ ಹಾಕ್ಕೊಂಡ ಹತ್ತು" ಎಂದೆ.

"ಅಪ್ಪ ಸಿಟ್ಟಾಗಂಗಿಲ್ಲೇನ ಬೇ?"

"ನಿಮ್ಮಪ್ಪಗ ನಾ ಹೇಳ್ತೀನಿ."

ಪ್ರತಿ ಸೋಮವಾರ ನಾನು ತಂತಿ ಬ್ರಷ್ ಹಿಡಿದು ಆ ಹಲ್ಲುಗಳನ್ನು ಸಬಕಾರದಿಂದ ತಿಕ್ಕುತ್ತೇನಲ್ಲ, ಪಟ್ಟಿಯ ನಟ್ಟು ಬಿಗಿ ಮಾಡೆಂದು ನಿಮ್ಮಪ್ಪನ ಬೆನ್ನು ಹತ್ತುತ್ತೇನಲ್ಲ, ನೀವು ನಗುತ್ತೀರಿ. ನಗಿರಿ. ಬಸ್ಸು ಗಕ್ಕನೆ ಬ್ರೇಕ್ ಹಾಕಿದ ಸಪ್ಪಳಕ್ಕೆ ಇಂದಿಗೂ ನನ್ನ ಮೈ ತಣ್ಣಗಾಗುತ್ತದೆ.

ಯಾರು ಕೇಳಿದರೂ ನಿಮ್ಮಪ್ಪ ಈಗಲೂ ಆ ನುಣ್ಣನೆಯ ತಗಡು ತಾನೇ ಆರಿಸಿದ್ದು ಎನ್ನುತ್ತಾನೆ. ಅವತ್ತು ರಸ್ತೆಯಲ್ಲಿ ನಾನು ಹೇಳದೇ ಉಳಿದ ಮಾತು ಈ ಹಾಳೆಗಳಲ್ಲಿ ಮಾತ್ರ ಇದೆ. ಇವನ್ನು ಜೋಪಾನವಾಗಿಡಿ, ಮಕ್ಕಳೇ.