ಟೈಲ್ಸ್ ನೆಲ ಸಾರಿಸಿದ್ದು

ಗಂಡನಿಗೆ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಕೆಲಸ ಸಿಕ್ಕಿ ಕೊಡಿಗೇಹಳ್ಳಿಯ ಬಾಡಿಗೆ ಮನೆಗೆ ಬಂದ ದಿನ, ಮನೆಯೊಡತಿ ಪುಟ್ಟಮ್ಮಜ್ಜಿ ಮೊದಲು ನೆಲ ಸಾರಿಸಿ ಆಮೇಲೆ ಸಾಮಾನು ಇಳಿಸಿಕೊಳ್ಳಲು ಹೇಳಿದರು. ಮುಖ ಕಾಣುವಂಥ ಟೈಲ್ಸ್. ಇದನ್ನೂ ಸಾರಿಸುವುದೇ? ಇಲ್ಲಿನ ಪದ್ಧತಿ ಇದ್ದೀತೆಂದು ಹಿಂದಿನ ಓಣಿಯ ಕೊಟ್ಟಿಗೆಯಿಂದ ಒಂದು ಬುಟ್ಟಿ ಹೆಂಡಿ ತಂದೆ. ಹೆಂಡಿಯನ್ನು ಇಲ್ಲಿ ಸಗಣಿ ಅನ್ನುತ್ತಾರೆ. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕರು. ಅವರ ಮಗಳು ಮಂಜುಳಾ ಇಡೀ ಬೀದಿಗೆ ಹೇಳಿಕೊಂಡು ಬಂದಳು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ನನ್ನ ಪಾಡು.

ನಮ್ಮ ಗದಗಿನ ಕಡೆ ಸಾರಿಸುವುದೆಂದರೆ ಹೆಂಡಿಯಿಂದ ಬಳಿಯುವುದು; ಒದ್ದೆ ಅರಿವೆಯಿಂದ ಮಾಡುವುದು ಒರೆಸುವುದು. ಇಲ್ಲಿ ಎರಡೂ ಸಾರಿಸುವುದೇ. ಅಜ್ಜಿ ಸೊಸೆಯಾಗಿ ಬಂದಾಗ ಈ ಜಾಗದಲ್ಲಿದ್ದುದು ಮಣ್ಣಿನ ಮನೆಯಂತೆ. ಹಬ್ಬ ಬಂದರೆ ಸಾರಣೆ ಕಾರಣೆ, ಅಂದರೆ ನೆಲಕ್ಕೆ ಸಗಣಿ, ಗೋಡೆಗೆ ಕೆಮ್ಮಣ್ಣಿನ ಪಟ್ಟಿ. ಮನೆ ಕೆಡವಿ ಕಟ್ಟಿಸಿದರೂ ಅವರು ಸಾರಿಸುವುದೆಂಬ ಮಾತನ್ನು ಬಿಡಲಿಲ್ಲ.

ಅವ್ವನಿಗೆ ಹುಷಾರಿಲ್ಲವೆಂದು ಫೋನು ಬಂದು ನಾನು ಊರಿಗೆ ಹೊರಟಾಗ, ನನ್ನ ಬೆನ್ನಿಗೇ ಮಂಜುಳಾ ಪೊರಕೆ ಹಿಡಿದಳು. ಅಜ್ಜಿ ಕಿತ್ತುಕೊಂಡರು. ಹೊರಟವರು ಊರು ಸೇರುವ ತನಕ ಗುಡಿಸಬಾರದು, ಸಾರಿಸಬಾರದು. ಹೆಣ ಹೋದ ಮನೆಯಲ್ಲಷ್ಟೇ ಹಿಂದೆಯೇ ಸಾರಿಸುವುದು. ನಮ್ಮಲ್ಲೂ ಅದೇ ರೂಢಿ. ಯಶವಂತಪುರದಲ್ಲಿ ರೈಲು ಹತ್ತಿ ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಬಂದಿದ್ದರು. ಓಣಿಯವರು ಯಾರೋ ಸಾರಿಸಿದ್ದ ನೆಲ ಆಗಲೇ ಒಣಗಿತ್ತು. ಹೆತ್ತವಳಿಗೆ ಅಷ್ಟನ್ನೂ ಮಾಡಲಾಗಲಿಲ್ಲವೆಂಬ ಸಂಕಟ ಇವತ್ತಿಗೂ ಇಳಿದಿಲ್ಲ.

ಈಚೆಗೆ ಪುಟ್ಟಮ್ಮಜ್ಜಿಯೂ ತೀರಿಕೊಂಡರು. ಹೆಣ ಎತ್ತಿ ಗಂಡಸರು ಹೊರಟ ಮೇಲೆ ಮಂಜುಳಾ ಖಾಲಿ ಬಕೆಟ್ಟಿನ ಮುಂದೆ ಕುಸಿದು ಕೂತಿದ್ದಳು.

"ನನ್ ಕೈಲಾಗಲ್ಲ ಕಣಕ್ಕ. ನೀವೇ ಸಾರ್ಸಿ. ಸಗಣಿ ಹಾಕೇ ಸಾರ್ಸಿ, ಅಮ್ಮಂಗೆ ಅದೇ ಸರಿ."

ಮನೆಯವರೇ ಸಾರಿಸಬೇಕಲ್ಲ ಎಂದೆ.

"ನೀವ್ ಮತ್ತೆ ಯಾರಕ್ಕ?"

ಅದೇ ಕೊಟ್ಟಿಗೆಗೆ ಹೋದೆ. ಬುಟ್ಟಿ ಹಿಡಿದು ಬರುವಾಗ ಬೀದಿಯಲ್ಲಿ ಯಾರೂ ನಗಲಿಲ್ಲ. ಟೈಲ್ಸಿನ ಮೇಲೆ ಹೆಂಡಿ ಹಿಡಿಯದೆ ಜಾರುತ್ತಿತ್ತು. ಅಂಗೈಯಿಂದ ಒತ್ತಿ ಒತ್ತಿ ಬಳಿದೆ. ಹೊಸಿಲ ಹತ್ತಿರ ಬರುವಷ್ಟರಲ್ಲಿ ಅಳು ತಡೆಯಲಾಗಲಿಲ್ಲ. ಬಳಿಯುತ್ತಿದ್ದುದು ಕೊಡಿಗೇಹಳ್ಳಿಯ ನೆಲ. ಬಾಯಲ್ಲಿ ಬರುತ್ತಿದ್ದುದು ಮಾತ್ರ ಅವ್ವಾ, ಅವ್ವಾ ಎಂದೇ.