ಚಿಕ್ಕಮ್ಮನ ಉದ್ದನೆಯ ಪ್ರಶ್ನೆ

ಚಿಕ್ಕಮ್ಮನನ್ನು 'ಹೇಗಿದ್ದೀರಿ' ಎಂದು ಕೇಳುವವರು ಮೊದಲು ಕುರ್ಚಿ ಹುಡುಕಿಕೊಳ್ಳುವುದು ಒಳ್ಳೆಯದು. ಜ್ವರ ಬಂದಿದ್ದರೆ ಕಥೆ ಜ್ವರದಿಂದ ಶುರುವಾಗುವುದಿಲ್ಲ. ಮೊದಲು ಛತ್ರಿ, ಆಮೇಲೆ ಆ ಛತ್ರಿಯನ್ನು ಎರವಲು ಒಯ್ದು ಮುರಿದು ತಂದ ಪಕ್ಕದ ಮನೆಯಾಕೆ, ಆಕೆಯ ತಂಗಿಯ ಜಗಳಗಂಟ ಗಂಡ, ಇಷ್ಟೆಲ್ಲ ಮುಗಿದ ಮೇಲೆ ಜ್ವರ. ಗಂಡನ ಅಣ್ಣನ ಮಕ್ಕಳು ಕರೆಯುತ್ತಿದ್ದ ಹೆಸರನ್ನು ಬೀದಿಯೆಲ್ಲ ಹಿಡಿದುಕೊಂಡು, ಅವಳಿಗಿಂತ ದೊಡ್ಡವರೂ ಈಗ ಚಿಕ್ಕಮ್ಮ ಎಂದೇ ಕರೆಯುತ್ತಾರೆ.

ಮನೆಯ ಮುಂದಿನ ಕೋಣೆಯಲ್ಲಿ ಅವಳ ಕಸೂತಿ ಯಂತ್ರ. ಚೌಕಟ್ಟಿಗೆ ಬಟ್ಟೆ ಬಿಗಿದು, ಪೆನ್‌ಡ್ರೈವ್‌ನಲ್ಲಿ ಚಿತ್ರ ಹಾಕಿ ಕೊಟ್ಟರೆ, ಯಂತ್ರ ಚೌಕಟ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತ ತಾನೇ ಹೊಲಿಯುತ್ತದೆ. ಚಿತ್ರವನ್ನು ಹೊಲಿಗೆಯಾಗಿ ಬದಲಿಸುವ ಸಾಫ್ಟ್‌ವೇರ್ ಓಪನ್ ಸೋರ್ಸಿನದು. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು, ತಿಳಿದವರು ಬಿಚ್ಚಿ ರಿಪೇರಿಯನ್ನೂ ಮಾಡಬಹುದು.

"ಪುಕ್ಕಟೆ ಸಿಕ್ಕಿದ್ರೆ ನಂಗೂ ಒಂದಿರ್ಲಿ, ನಮ್ಮಪ್ಪಂಗೂ ಒಂದಿರ್ಲಿ," ಎಂದು ಭಾವ ನಗುತ್ತಿದ್ದರು. ಭಾವ ಎಂದರೆ ಅವಳ ಗಂಡನ ಅಣ್ಣ. ಪಕ್ಕದಲ್ಲೇ ನಲ್ಲಿ, ಪೈಪಿನ ಅಂಗಡಿ. ಸರಕು ತುಂಬಿ ತುಳುಕುತ್ತಿದ್ದ ಅವರಿಗೆ ಚಿಕ್ಕಮ್ಮನ ಕೋಣೆಯ ಮೇಲೆ ಕಣ್ಣು. ಆಗಲೇ ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿದ ಹಾಗೆ ನಲ್ಲಿಗಳು ತುಂಬಿದ್ದ ಒಂದು ಕಬ್ಬಿಣದ ಬೀರುವನ್ನು ತಂದು ಅವಳ ಯಂತ್ರದ ಬೆನ್ನಿಗೆ ನಿಲ್ಲಿಸಿದ್ದರು.

ಅಷ್ಟರಲ್ಲಿ ಬಂತು ಬ್ಯಾಂಡಿನವರ ಆರ್ಡರು. ವಾದ್ಯಗಾರರ ಕೋಟುಗಳ ಬೆನ್ನಿಗೆಲ್ಲ ಒಂದೊಂದು ದೊಡ್ಡ ತುತ್ತೂರಿ, ಜೇಬಿಗೆ ಅವರವರ ಹೆಸರು, ಶನಿವಾರದೊಳಗೆ.

"ನೋಡಮ್ಮ, ಇದನ್ನ ಸರಿಯಾಗಿ ಮುಗಿಸಿದ್ರೆ ಕೋಣೆ ನಿಂದೇ, ನಾನು ತುಟಿ ಬಿಚ್ಚಲ್ಲ," ಎಂದರು ಭಾವ. "ಇಲ್ಲಾಂದ್ರೆ ನನ್ನ ಗೋಡೌನು. ಒಪ್ಪಿಗೇನಾ?"

ಚಿಕ್ಕಮ್ಮ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಆ ಕೋಣೆ ಹೋದರೆ ಯಂತ್ರವನ್ನು ಅಡುಗೆಮನೆಯಲ್ಲಿಡಬೇಕು, ಇಲ್ಲವೇ ಮಾರಬೇಕು.

ಮೊದಲ ತುತ್ತೂರಿಗೇ ಸೊಂಟ ಮುರಿಯಿತು. ಕೆಳಗಿನ ಅರ್ಧ ಚೆನ್ನಾಗಿತ್ತು. ಮೇಲಿನರ್ಧ ಎರಡು ಬೆರಳಿನಷ್ಟು ಜಾರಿ ಕೂತಿತ್ತು. ಇನ್ನೊಂದು ಬಟ್ಟೆ ಹಾಕಿದಳು, ಅದೂ ಹಾಗೇ. ಜೇಬಿನ ಮೇಲಿನ ಸಣ್ಣ ಹೆಸರುಗಳು ಮಾತ್ರ ಮುತ್ತಿನ ಹಾಗೆ ಬರುತ್ತಿದ್ದವು. ಆ ವಾರವೇ ಅವಳು ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಕೊಂಡಿದ್ದಳು.

"ಅದೇ ಸಾಫ್ಟ್‌ವೇರಿಂದೇ ಕಿತಾಪತಿ!" ಎಂದಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದು ಭಾವ ಬಾಗಿಲಲ್ಲೇ ನಿಂತು ಹೇಳಿ ಹೋದರು. ಅವಳ ಮೈ ಉರಿದುಹೋಯಿತು.

ಆ ಸಾಫ್ಟ್‌ವೇರ್ ಬಳಸುವವರದ್ದೊಂದು ಬಳಗವಿತ್ತು, ಇಂಟರ್ನೆಟ್ಟಿನಲ್ಲಿ. ಯಾರೋ ಕೇಳುತ್ತಾರೆ, ಯಾರೋ ಪುರುಸೊತ್ತಾದಾಗ ಹೇಳುತ್ತಾರೆ. ಚಿಕ್ಕಮ್ಮ ಅಲ್ಲಿ ಕೂತು ಬರೆದಳು ನೋಡಿ! ತುತ್ತೂರಿ, ಬ್ಯಾಂಡು, ಭಾವ, ಕರವಸ್ತ್ರದ ಹಾಗೆ ಸೀಟು ಹಿಡಿದ ಬೀರು, ಬೀರು ತೆಗೆಯಿರಿ ಎನ್ನಲು ತನಗಿಲ್ಲದ ಧೈರ್ಯ, ಮಾತು ಕಮ್ಮಿಯ ಬಸ್ ಡ್ರೈವರ್ ಗಂಡ, ದೊಡ್ಡ ಚಿತ್ರ ಹೊಲಿಯುವಾಗ 'ನಮ್ಮತ್ತೆ ಲೊಚಗುಟ್ಟೋ ಹಾಗೆ' ಬರುವ ಟಕ್ ಶಬ್ದ, ಒಂದನ್ನೂ ಬಿಡಲಿಲ್ಲ.

ಬಳಗದಲ್ಲಿ ಶಿಸ್ತು ನೋಡಿಕೊಳ್ಳುವ ಒಬ್ಬರಿದ್ದರು, ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರ ಉತ್ತರ ಒಡನೆ ಬಂತು: 'ದಯವಿಟ್ಟು ಚುಟುಕಾಗಿ ಬರೆಯಿರಿ. ಮನೆ ವಿಷಯ ಬೇಡ. ಯಾವ ಆವೃತ್ತಿ, ಯಾವ ಯಂತ್ರ, ಏನು ತೊಂದರೆ, ಅಷ್ಟೇ. ಚಿತ್ರದ ಫೈಲು ಲಗತ್ತಿಸಿ.'

ಚಿಕ್ಕಮ್ಮನಿಗೆ ಚುಟುಕಾಗಿ ಬರೆಯುವುದು ಎಂದರೆ ಉಪವಾಸ ಕೂತ ಹಾಗೆ. ಆದರೂ ಹಲ್ಲು ಕಚ್ಚಿ ಕತ್ತರಿಸಿದಳು. ಭಾವ ಹೋದರು, ಬೀರು ಹೋಯಿತು, ಅತ್ತೆಯ ಲೊಚಗುಟ್ಟುವಿಕೆಯೂ ಹೋಯಿತು. ಉಳಿದ ನಾಲ್ಕು ಸಾಲನ್ನು ಹಳೆಯದರ ಕೆಳಗೇ ಹೊಸದಾಗಿ ಹಾಕಿದಳು.

ಪಾಪ, ಸಹಾಯಕ್ಕೇನೂ ಕೊರತೆಯಿರಲಿಲ್ಲ. ಹಳೇ ಆವೃತ್ತಿ ಹಾಕಿ ನೋಡಿ ಎಂದರು, ಹಾಕಿದಳು. ವೇಗ ಇಳಿಸಿ ಎಂದರು, ಇಳಿಸಿದಳು. ಸಾಫ್ಟ್‌ವೇರ್ ಬರೆದವರಲ್ಲೇ ಒಬ್ಬ ಅವಳ ಫೈಲು ತೆರೆದು ತನ್ನ ಯಂತ್ರದಲ್ಲೇ ಹೊಲಿದು ಫೋಟೋ ಹಾಕಿದ. ತುತ್ತೂರಿ ನೆಟ್ಟಗೆ ನಿಂತಿತ್ತು! ಅದನ್ನು ನೋಡಿ ಚಿಕ್ಕಮ್ಮನಿಗೆ ಅಳುವೇ ಬಂತು. ಹಾಗಾದರೆ ತಪ್ಪು ತನ್ನದೇ, ಭಾವ ಹೇಳಿದ್ದೇ ಸರಿ. ಶುಕ್ರವಾರ ಬೆಳಗ್ಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕೂತುಬಿಟ್ಟಳು.

ಆಗ ಹಳೇಸೂಜಿ ಎಂಬ ಅಡ್ಡಹೆಸರಿನ ಯಾರೋ ಬರೆದರು: 'ಚಿಕ್ಕಮ್ಮ, ನಿಮ್ಮ ಮೊದಲನೇ ಪ್ರಶ್ನೇನ ನಾನು ಕಥೆ ಓದಿದ ಹಾಗೆ ಎರಡು ಸಲ ಓದಿದೆ. ಆ ಬೀರು ಏನಾಯ್ತು? ಯಂತ್ರದ ಹಿಂದೇನೇ ಇದೆಯಾ? ಚೌಕಟ್ಟಿನ ಹಿಂದಿನ ಅಂಚಿಗೆ ಸೀಮೆಸುಣ್ಣ ಬಳಿದು, ದೊಡ್ಡ ಚಿತ್ರ ಹೊಲಿದು, ಬೀರು ನೋಡಿ.'

ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಕೈಯಳತೆಯಲ್ಲೇ ಇತ್ತು. ಬಳಿದಳು. ಯಂತ್ರ ಓಡಿತು. ಚೌಕಟ್ಟು ಹಿಂದೆ ಹೋಯಿತು, ಇನ್ನೂ ಹಿಂದೆ ಹೋಯಿತು, ಟಕ್! ಅತ್ತೆ ಲೊಚಗುಟ್ಟಿದರು. ಬಗ್ಗಿ ನೋಡಿದರೆ ಬೀರುವಿನ ಬಾಗಿಲ ಮೇಲೆ ಉದ್ದಕ್ಕೆ ನೀಲಿ ಗೆರೆ. ದೊಡ್ಡ ಚಿತ್ರಕ್ಕೆ ಚೌಕಟ್ಟು ಅಲ್ಲಿಯವರೆಗೆ ಹೋಗಬೇಕು, ಹೋಗಿ ಬೀರುವಿಗೆ ಹಣೆ ಚಚ್ಚಿಕೊಂಡು ಜಾರಬೇಕು. ಸಣ್ಣ ಹೆಸರುಗಳಿಗೆ ಅಷ್ಟು ದೂರದ ಪ್ರಯಾಣವೇ ಇರಲಿಲ್ಲ. ಸಾಫ್ಟ್‌ವೇರಿನದೂ ತಪ್ಪಿಲ್ಲ, ಚಿಕ್ಕಮ್ಮನದೂ ಇಲ್ಲ. ಈ ಸಲ ನೆಲವೇ ಡೊಂಕಾಗಿತ್ತು!

"ಭಾವಾ!" ಎಂದು ಅವಳು ಕೂಗಿದ್ದಕ್ಕೆ ಅಂಗಡಿಯ ಗಿರಾಕಿಯೂ ಓಡಿಬಂದ. ಭಾವ ಗೆರೆ ನೋಡಿದರು, ಬೀರು ನೋಡಿದರು.

"ನಮ್ಮನೆ ಬೀರು ಇಲ್ಲಿರೋದು ಅವರಿಗೆ ಹೇಗೆ ಗೊತ್ತಾಯ್ತು?"

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಭಾವ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಕರವಸ್ತ್ರದ ಮಾತು ಓದುವಾಗ ಅವರ ಮುಖ ಸಣ್ಣಗಾಯಿತು. ಕೊನೆಯಲ್ಲಿ ಹೀಗಿತ್ತು: 'ಭಾವ ಕೆಟ್ಟವರಲ್ಲ. ನನ್ನ ಗಂಡ ಕಾಲು ಮುರಿದುಕೊಂಡಾಗ ಆಸ್ಪತ್ರೆ ಮೆಟ್ಟಿಲನ್ನ ಬೆನ್ನ ಮೇಲೆ ಹೊತ್ತು ಹತ್ತಿಸಿದವರು ಅವರೇ. ಅಂಥವರಿಗೆ ಬೀರು ತೆಗೀರಿ ಅಂತ ಹೇಗೆ ಹೇಳಲಿ?'

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಎದ್ದು, ಬೀರುವಿನ ಬಾಗಿಲು ತೆಗೆದು, ನಲ್ಲಿಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕತೊಡಗಿದರು. ಗಿರಾಕಿಯೂ ಕೈಜೋಡಿಸಿದ. ಬೀರು ಕಿರ್ರೆನ್ನುತ್ತ ಹೊಸಿಲು ದಾಟಿತು.

ಸಂಜೆಯ ಹೊತ್ತಿಗೆ ಮೊದಲ ತುತ್ತೂರಿ ಸೆಟೆದು ನಿಂತಿತ್ತು, ರಾತ್ರಿಯೆಲ್ಲ ಯಂತ್ರ ಓಡಿತು, ಮರುದಿನ ಬ್ಯಾಂಡಿನವರು ಕೋಟು ತೊಟ್ಟು ನಗುತ್ತ ಹೋದರು. ಬಳಗದಲ್ಲಿ ಮೇಷ್ಟ್ರು ಆ ಪ್ರಶ್ನೆಯ ತಲೆಯ ಮೇಲೆ 'ಪರಿಹಾರವಾಗಿದೆ. ಕಾರಣ: ಬೀರು' ಎಂದು ಬರೆದು, ಕೆಳಗೆ ಸಣ್ಣದಾಗಿ 'ಕ್ಷಮಿಸಿ ಚಿಕ್ಕಮ್ಮ' ಎಂದೂ ಸೇರಿಸಿದರು. ಈಗ ಅಲ್ಲಿ ಯಾರಿಗೆ ಏನು ಕೆಟ್ಟರೂ 'ಬೀರು ನೋಡಿದಿರಾ?' ಎಂದೇ ಮೊದಲು ಕೇಳುತ್ತಾರೆ.

ಆದರೆ ಚಿಕ್ಕಮ್ಮ ಮರೆಯದಿರುವುದು ಬೀರುವಿನ ಹಿಂದೆಯೇ ಹೊರಟ ಭಾವ ಬಾಗಿಲಲ್ಲಿ ತಿರುಗಿ ಹೇಳಿದ ಮಾತು.

"ಊರಿಗೆಲ್ಲಾ ಹೇಳ್ತೀಯ, ನಂಗೊಬ್ಬನಿಗೆ ಹೇಳೋಕಾಗ್ಲಿಲ್ವೇನಮ್ಮ?"